ಕಡಲಾಚೆಯ ಸಸಿ, ಹತ್ತಿಯ ಹೊಲ

ಯಾದಗಿರಿ ಸೀಮೆಯ ಗುರುಮಠಕಲ್ಲಿನ ಸುತ್ತಣ ಕುರುಚಲು ಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ತಾನೇ ತಾನಾಗಿ ಬೆಳೆದು, ದಸರೆಯ ಹೊತ್ತಿಗೆ ಬುಟ್ಟಿ ಬುಟ್ಟಿಯಾಗಿ ರಸ್ತೆಯ ಬದಿಗೆ ಬಂದು ಕೂಡುವ ಸೀತಾಫಲವನ್ನು ಪರದೇಶದ ಹಣ್ಣೆಂದು ಹೇಳಿದರೆ ಆ ಸೀಮೆಯ ಜನ ಸುಲಭವಾಗಿ ನಂಬಲಾರರು. ಆದರೂ ಸಸ್ಯಶಾಸ್ತ್ರಜ್ಞರ ಮತದಂತೆ ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಅದೊಂದೇ ಅಲ್ಲ, ಹೊಲದಲ್ಲಿ ಕೀಳುವ ಶೇಂಗಾ, ರೊಟ್ಟಿಯ ಜೊತೆಗೆ ನಂಜಿಕೊಳ್ಳುವ ಚಟ್ನಿಯ ಮೆಣಸಿನಕಾಯಿ, ಅಂಗಳದ ಪೇರಲ ಮತ್ತು ಪಪ್ಪಾಯಿ, ದೀಪಾವಳಿಗೆ ಬಾಗಿಲ ತೋರಣವಾಗುವ ಚೆಂಡುಹೂವು, ಶಿವಾಲಯದ ಮುಂದೆ ಭಕ್ತಿಯಿಂದ ನೆಟ್ಟ ನಾಗಲಿಂಗದ ಮರ, ಇವೆಲ್ಲವೂ ಒಂದು ಕಾಲದಲ್ಲಿ ಕಡಲು ದಾಟಿ ಬಂದು, ನಮ್ಮ ಮಣ್ಣಿಗೂ ನಾಲಗೆಗೂ ಪೂಜೆಗೂ ಒಗ್ಗಿ, ಪರಕೀಯತೆಯ ಕುರುಹನ್ನೇ ಕಳೆದುಕೊಂಡವು.

ಹೀಗಿರುವಾಗ, ಮನೆಯ ಮುಂದೆ ನಾಲ್ಕು ಕುಂಡ ಇರಿಸಿಕೊಂಡು ಅವುಗಳ ಚಿಗುರನ್ನು ಮಗುವಿನ ಮೊದಲ ಹಲ್ಲಿನಂತೆ ಎದುರುನೋಡುವ ಉದ್ಯಾನಪ್ರಿಯನೊಬ್ಬನು, ದುಬೈನಲ್ಲಿಯೋ ಅಮೆರಿಕದಲ್ಲಿಯೋ ಇರುವ ತನ್ನ ಬಂಧು ತಂದುಕೊಟ್ಟ ಒಂದು ಗುಲಾಬಿಯ ಕಡ್ಡಿಯನ್ನು ಹೈದರಾಬಾದಿನ ವಿಮಾನನಿಲ್ದಾಣದಲ್ಲಿ ಅಧಿಕಾರಿಗಳು ತಡೆದಿಟ್ಟರೆಂದು ಕೇಳಿದಾಗ, ಇದೆಂತಹ ನ್ಯಾಯವೆಂದು ಮರುಗುವುದು ಸಹಜವೇ ಸರಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾ, ಕಾಬೂಲು, ಮಾರಿಷಸ್‌ಗಳಿಂದ ಲಾಲ್‌ಬಾಗಿಗೆ ಸಸಿಗಳು ಬಂದವು. 1874ರಲ್ಲಿ ಅದರ ಆಡಳಿತ ವಹಿಸಿಕೊಂಡ ಜಾನ್ ಕ್ಯಾಮೆರಾನ್, 1908ರಲ್ಲಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್, ಇಬ್ಬರೂ ದೇಶದೇಶಾಂತರಗಳ ವೃಕ್ಷಗಳನ್ನು ತರಿಸಿ ಬೆಂಗಳೂರಿನ ಬೀದಿಗಳಿಗೆ ಹೂವಿನ ಶೋಭೆಯನ್ನು ತಂದರು. ಅಂದು ಪ್ರಶಂಸೆಗೆ ಪಾತ್ರವಾದ ಕಾರ್ಯ ಇಂದು ಅಪರಾಧವಾದುದೇಕೆ? ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಬಾರದು. ಏಕೆಂದರೆ ಸಕಾರಣವಾದ ಉತ್ತರ ದೊರೆಯದಿದ್ದಲ್ಲಿ ಕಾನೂನಿನ ಮೇಲೆ ಗೌರವ ಉಳಿಯುವುದಿಲ್ಲ.

ನಿಯಮವೇನೆಂಬುದನ್ನು ಮೊದಲು ಸ್ಥೂಲವಾಗಿ ತಿಳಿಯೋಣ. ಬ್ರಿಟಿಷರ ಕಾಲದ, 1914ನೆಯ ಇಸವಿಯ ವಿನಾಶಕಾರಿ ಕೀಟ ಮತ್ತು ಪೀಡೆಗಳ ಅಧಿನಿಯಮವು ಇಂದಿಗೂ ಇದಕ್ಕೆ ಮೂಲಾಧಾರವಾಗಿದೆ. ಅದರ ಅಡಿಯಲ್ಲಿ ಕೇಂದ್ರ ಸರ್ಕಾರವು 2003ರಲ್ಲಿ ಹೊರಡಿಸಿ 2004ರ ಜನವರಿ 1ರಿಂದ ಜಾರಿಗೆ ತಂದ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ, ಹೊರದೇಶದಿಂದ ಸಸಿ, ಕಡ್ಡಿ, ಗೆಡ್ಡೆ, ಬೀಜ ಯಾವುದೇ ಬರಬೇಕಾದರೂ ಮುಂಚಿತವಾಗಿ ಆಮದಿನ ಅನುಮತಿಯನ್ನು ಪಡೆದಿರಬೇಕು. ಹೊರಟ ದೇಶದ ಅಧಿಕೃತ ಸಂಸ್ಥೆಯು ಪರೀಕ್ಷಿಸಿ ಕೊಟ್ಟ ಸಸ್ಯಾರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು. ಗೊತ್ತುಪಡಿಸಿದ ಬಂದರು ಅಥವಾ ವಿಮಾನನಿಲ್ದಾಣದ ಮೂಲಕವೇ ಬಂದು, ಅಲ್ಲಿನ ತಪಾಸಣೆಗೆ ಒಳಪಡಬೇಕು. ಬೇರಿನಲ್ಲಿ ಮಣ್ಣು ಅಂಟಿರಕೂಡದು. ಇದುವರೆಗೆ ಬಾರದ ಹೊಸ ಜಾತಿಯಾದರೆ, ಅದರಿಂದ ಯಾವ ಪೀಡೆ ಬರಬಹುದೆಂಬ ವಿಶ್ಲೇಷಣೆ ಮುಗಿದ ಹೊರತು ಅನುಮತಿಯೇ ದೊರೆಯದು. ಕೆಲವು ಬಗೆಯ ಸಸಿಗಳನ್ನು ಬಂದ ಮೇಲೂ ಪ್ರತ್ಯೇಕ ಸ್ಥಳದಲ್ಲಿ ಬೆಳೆಸಿ, ಇಷ್ಟು ಕಾಲ ನಿರೋಗಿಯಾಗಿ ಉಳಿದವೆಂದು ಖಚಿತವಾದ ಬಳಿಕವೇ ಹೊರಗೆ ಬಿಡುತ್ತಾರೆ. ಫರೀದಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಸಸ್ಯ ಸಂರಕ್ಷಣಾ ನಿರ್ದೇಶನಾಲಯವು ಈ ವ್ಯವಸ್ಥೆಯನ್ನು ನಡೆಸುತ್ತದೆ.

ಈ ವಿಧಿಗಳನ್ನು ಸಾವಧಾನವಾಗಿ ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುವುದು. ಮಣ್ಣು, ಬೇರು, ಎಲೆಯ ಅಡಿ, ಬೀಜದ ಸಿಪ್ಪೆ, ಪ್ಯಾಕಿಂಗಿಗೆ ಬಳಸಿದ ಹುಲ್ಲು, ಇವುಗಳ ಮೇಲೆಯೇ ಕಾನೂನಿನ ಕಣ್ಣು ನಟ್ಟಿದೆ. ಅಂದರೆ ಗಿಡವು ಪರದೇಶದ್ದೆಂಬ ಕಾರಣಕ್ಕಿಂತ ಹೆಚ್ಚಾಗಿ, ಗಿಡವನ್ನು ಆಶ್ರಯಿಸಿ, ಯಾರ ಕಣ್ಣಿಗೂ ಬೀಳದೆ ಒಳಬರುವ ಕೀಟ, ಶಿಲೀಂಧ್ರ, ವೈರಾಣು, ಜಂತುಹುಳುಗಳ ಕಾರಣಕ್ಕಾಗಿ ಈ ತಡೆ. ಆಕ್ರಮಣಕಾರಿ ಜೀವಿಗಳ ವಿಷಯವಾಗಿ 2023ರಲ್ಲಿ ಅಂತರ್ ಸರ್ಕಾರಿ ಜೀವವೈವಿಧ್ಯ ವೇದಿಕೆ ಪ್ರಕಟಿಸಿದ ವರದಿಯೂ ಇದನ್ನೇ ಸಮರ್ಥಿಸುತ್ತದೆ: ಮನುಷ್ಯನ ಕೈಯಿಂದ ಹೊಸ ನೆಲಗಳಿಗೆ ಹೋಗಿ ನೆಲಸಿದ ಸುಮಾರು 37,000 ಜೀವಜಾತಿಗಳಲ್ಲಿ ಸಸ್ಯಗಳ ಪೈಕಿ ಶೇಕಡ 6ರಷ್ಟು ಮಾತ್ರ ಉಪದ್ರವಕಾರಿಗಳಾದರೆ, ಕೀಟಗಳೇ ಮೊದಲಾದ ಅಕಶೇರುಕಗಳ ಪೈಕಿ ಶೇಕಡ 22ರಷ್ಟು ಉಪದ್ರವಕಾರಿಗಳಾಗಿವೆ. ಹೂವಿಗಿಂತ ಹೂವಿನಲ್ಲಿ ಅಡಗಿದ ಹುಳು ಹೆಚ್ಚು ಅಪಾಯಕರವೆಂದಾಯಿತು.

ಮೊದಲು ಈ ಅಪಾಯ ಇಷ್ಟಿರಲಿಲ್ಲವೇಕೆ ಎಂದರೆ, ಹಾಯಿಹಡಗಿನ ದೀರ್ಘಯಾನದಲ್ಲಿ ಉಪ್ಪುಗಾಳಿಗೂ ಸಿಹಿನೀರಿನ ಅಭಾವಕ್ಕೂ ಸಿಕ್ಕಿ ಬಹುಪಾಲು ಸಸಿಗಳು ದಾರಿಯಲ್ಲಿಯೇ ಒಣಗುತ್ತಿದ್ದವು. ಅವುಗಳೊಡನೆ ಅವುಗಳ ಕೀಟಗಳೂ ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ, ಮುಚ್ಚಿದ ಗಾಜಿನ ಭರಣಿಯೊಳಗಿನ ತೇವದ ಮಣ್ಣಿನಲ್ಲಿ ಜರೀಗಿಡವೊಂದು ತಾನಾಗಿ ಮೊಳೆತುದನ್ನು ಕಂಡು, ಅದೇ ತತ್ತ್ವದ ಮೇಲೆ ಗಾಜಿನ ಪೆಟ್ಟಿಗೆಯನ್ನು ನಿರ್ಮಿಸಿದನು. ಅಂತಹ ಪೆಟ್ಟಿಗೆಗಳಲ್ಲಿಯೇ ಚೀನದ ಚಹಾಸಸಿಗಳು ಹಿಮಾಲಯದ ತಪ್ಪಲನ್ನು ಸೇರಿದವು. ಆದರೆ ಸಸಿಯನ್ನು ಜೀವಂತವಾಗಿ ಮುಟ್ಟಿಸಿದ ಪೆಟ್ಟಿಗೆಯು ಮಣ್ಣನ್ನೂ ಮಣ್ಣಿನ ಪ್ರಾಣಿಗಳನ್ನೂ ಅಷ್ಟೇ ಸುರಕ್ಷಿತವಾಗಿ ಮುಟ್ಟಿಸಿತು. ಉಗಿಹಡಗು ಬಂದ ಮೇಲೆ ಯಾನದ ಕಾಲವೂ ತಗ್ಗಿತು. 1860ರ ದಶಕದಲ್ಲಿ ಅಮೆರಿಕದ ದ್ರಾಕ್ಷಿಬಳ್ಳಿಗಳೊಡನೆ ಫ್ರಾನ್ಸಿಗೆ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಆ ದೇಶದ ದ್ರಾಕ್ಷಿತೋಟಗಳನ್ನು ಪಾಳುಗೆಡವಿತು. ಈ ಪೀಡೆಯನ್ನು ತಡೆಯಲೆಂದು 1878ರಲ್ಲಿ ಬರ್ನ್ ನಗರದಲ್ಲಿ ರಾಷ್ಟ್ರಗಳು ಸೇರಿ ಮಾಡಿಕೊಂಡ ಒಪ್ಪಂದವು ಸಸ್ಯರಕ್ಷಣೆಯ ಅಂತರರಾಷ್ಟ್ರೀಯ ಕಟ್ಟಳೆಗಳಿಗೆ ನಾಂದಿಯಾಯಿತು.

ದೂರದ ಫ್ರಾನ್ಸಿನ ಮಾತು ಹಾಗಿರಲಿ. ಶಹಾಪುರ, ಸುರಪುರ, ಯಾದಗಿರಿಗಳ ಹತ್ತಿಯ ಹೊಲಗಳಿಗೆ ಅತ್ಯಂತ ನಿಕಟವಾಗಿ ಸಂಬಂಧಿಸಿದ, ಆದರೆ ಅಲ್ಲಿನ ಯಾವ ರೈತನೂ ತನ್ನ ಕಣ್ಣಿನಿಂದ ಕಾಣದೆ ಉಳಿದ ಒಂದು ಕೀಟದ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅದು ಮೆಕ್ಸಿಕೋ ದೇಶದ ಹತ್ತಿಕಾಯಿಯ ಮೂತಿಹುಳು. ಬೂದುಬಣ್ಣದ ಸಣ್ಣ ದುಂಬಿ. ಉದ್ದ ಹೆಚ್ಚೆಂದರೆ ಒಂದು ಗೋಧಿಕಾಳಿನಷ್ಟು. ತಲೆಯ ಮುಂದೆ ಬಾಗಿದ ನೀಳವಾದ ಮೂತಿ. ಹೆಣ್ಣು ದುಂಬಿಯು ಆ ಮೂತಿಯಿಂದ ಎಳೆಯ ಮೊಗ್ಗಿಗೆ ರಂಧ್ರ ಕೊರೆದು, ಅದರೊಳಗೆ ಒಂದು ಮೊಟ್ಟೆಯನ್ನಿಟ್ಟು, ರಂಧ್ರವನ್ನು ಮೆತ್ತಿ ಮುಚ್ಚುತ್ತದೆ. ಮರಿಹುಳು ಒಳಗಿನಿಂದಲೇ ಮೊಗ್ಗನ್ನು ತಿನ್ನುತ್ತದೆ. ಮೊಗ್ಗಿನ ಸುತ್ತಲ ಹೊದಿಕೆಯ ಎಲೆಗಳು ಅರಳಿ ಬಿಚ್ಚಿಕೊಂಡು, ಹಳದಿಗಟ್ಟಿ, ಮೊಗ್ಗು ನೆಲಕ್ಕೆ ಉದುರುತ್ತದೆ. ಹುಳುವು ಒಳಗಿರುವುದರಿಂದ ಮೇಲೆ ಸಿಂಪಡಿಸಿದ ಔಷಧ ಅದನ್ನು ಮುಟ್ಟದು.

1892ರ ಸುಮಾರಿಗೆ ಇದು ಮೆಕ್ಸಿಕೋವಿನ ಗಡಿಯ ನದಿಯನ್ನು ದಾಟಿ ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ಪ್ರಾಂತವನ್ನು ಸೇರಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಆ ದೇಶದ ಹತ್ತಿಸೀಮೆಯ ಬಹುಭಾಗವನ್ನೂ ವ್ಯಾಪಿಸಿ, ಸಾಲದ ಮೇಲೆ ಬದುಕು ಕಟ್ಟಿಕೊಂಡಿದ್ದ ಅಸಂಖ್ಯ ಸಣ್ಣ ರೈತರನ್ನು, ವಿಶೇಷವಾಗಿ ಕೋರಿನ ಮೇಲೆ ಉಳುತ್ತಿದ್ದ ಕರಿಯ ಜನರನ್ನು, ದಿಕ್ಕುಗೆಡಿಸಿತು. ಅಲಬಾಮಾ ಪ್ರಾಂತದ ಎಂಟರ್‌ಪ್ರೈಸ್ ಎಂಬ ಪಟ್ಟಣದವರು ಈ ಹುಳುವಿನ ಕಾಟಕ್ಕೆ ಹತ್ತಿಯನ್ನು ಬಿಟ್ಟು ಶೇಂಗಾ ಬೆಳೆಯತೊಡಗಿ, ಅದರಿಂದ ಏಳಿಗೆ ಹೊಂದಿ, 1919ರಲ್ಲಿ ಊರಿನ ನಡುವೆ ಆ ಹುಳುವಿಗೆ ಒಂದು ಸ್ಮಾರಕವನ್ನೇ ನಿಲ್ಲಿಸಿದರು. ಆದರೆ ಅಷ್ಟು ಅನುಕೂಲ ಎಲ್ಲರಿಗೂ ಎಲ್ಲಿಂದ ಬರಬೇಕು?

ಈ ಹುಳುವು ಅಮೆರಿಕದ ಹತ್ತಿಯ ಅಂಡಿಗೆಗಳೊಳಗೆ ಅಡಗಿ ಮುಂಬಯಿಗೆ ಬಂದೀತೆಂಬ ಭೀತಿಯಿಂದ ಭಾರತ ಸರ್ಕಾರವು 1906ರಲ್ಲಿ, ಆಮದಾಗುವ ಹತ್ತಿಗೆ ವಿಷಧೂಮ ಹಾಕಿ ಶುದ್ಧಿಗೊಳಿಸಿದ ಹೊರತು ಒಳಗೆ ಬಿಡಕೂಡದೆಂದು ಆಜ್ಞೆ ಮಾಡಿತು. ನಮ್ಮ ದೇಶದ ಸಸ್ಯ ಸಂಪರ್ಕನಿಷೇಧದ ಇತಿಹಾಸ ಆರಂಭವಾಗುವುದು ಇಲ್ಲಿಂದಲೇ. ಎಂಟು ವರ್ಷಗಳ ತರುವಾಯ ಬಂದ 1914ರ ಅಧಿನಿಯಮಕ್ಕೆ ಇದೇ ಪೀಠಿಕೆ. ಒಂದು ಶತಮಾನಕ್ಕೂ ಮಿಕ್ಕಿ ಕಾಲ ಕಳೆದಿದೆ. ಮೂತಿಹುಳು ಭಾರತದ ಹತ್ತಿಯ ಹೊಲಗಳಲ್ಲಿ ಇಂದಿಗೂ ನೆಲೆಯೂರಿಲ್ಲ. ಬಂದೊದಗಿದ ಆಪತ್ತನ್ನು ಜನ ಲೆಕ್ಕವಿಡುತ್ತಾರೆ, ಬಾರದೆ ಹೋದ ಆಪತ್ತಿಗೆ ಲೆಕ್ಕವೂ ಇಲ್ಲ, ಕೃತಜ್ಞತೆಯೂ ಇಲ್ಲ. ಬಂದರಿನಲ್ಲಿ ತಡೆಯುವ ಅಧಿಕಾರಿಯನ್ನು ನಾವು ಶಪಿಸುವುದು ಈ ಕಾರಣದಿಂದ.

ಪರದೇಶವನ್ನೇ ದೂಷಿಸುವವರು ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳಬೇಕು. ಇಂದು ಶಹಾಪುರದ ರೈತನನ್ನು ಕಾಡುವ ಗುಲಾಬಿ ಕಾಯಿಕೊರಕವನ್ನು ವಿಜ್ಞಾನಿಗಳು ಮೊಟ್ಟಮೊದಲು, 1843ರಲ್ಲಿ, ವರ್ಣಿಸಿದ್ದು ಭಾರತದಿಂದ ಕಳುಹಿಸಿದ ಮಾದರಿಗಳಿಂದ. ನಾವು ಮುಂಬಯಿಯಲ್ಲಿ ಅಮೆರಿಕದ ಅಂಡಿಗೆಗಳಿಗೆ ಧೂಮ ಹಾಕಿಸುತ್ತಿದ್ದ ಆ ದಿನಗಳಲ್ಲಿಯೇ ನಮ್ಮ ಹತ್ತಿಬೀಜದೊಡನೆ ಈ ಹುಳು ಈಜಿಪ್ಟನ್ನು ಸೇರಿ, ಅಲ್ಲಿಂದ ಬೀಜದ ಮೂಲಕವೇ ಮೆಕ್ಸಿಕೋವನ್ನು ಮುಟ್ಟಿತು. ತನ್ನ ನೆಲದಲ್ಲಿ ಶತ್ರುಮಿತ್ರರ ನಡುವೆ ಹದ್ದುಬಸ್ತಿನಲ್ಲಿದ್ದ ಜೀವಿಯನ್ನು ಆ ಬಂಧನಗಳಿಲ್ಲದ ಬೇರೊಂದು ನೆಲದಲ್ಲಿ ಬಿಟ್ಟಾಗ ಅನರ್ಥ ಹುಟ್ಟುತ್ತದೆ.

ಗಿಡವೇ ಪೀಡೆಯಾದ ಪ್ರಸಂಗಗಳಿಲ್ಲವೇ ಎಂದರೆ, ಯಾದಗಿರಿಯಿಂದ ಗುರುಮಠಕಲ್ಲಿಗೆ ಹೋಗುವ ದಾರಿಯ ಎರಡು ಬದಿಯೂ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಬಳ್ಳಾರಿ ಜಾಲಿಯೆಂದು ನಾವು ಕರೆಯುವ ಮುಳ್ಳುಮರಕ್ಕೂ ಬಳ್ಳಾರಿಗೂ ಹುಟ್ಟಿನ ಸಂಬಂಧವಿಲ್ಲ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 1877ರಲ್ಲಿ, ಧಾತು ಸಂವತ್ಸರದ ಘೋರ ಕ್ಷಾಮ ದಕ್ಷಿಣಾಪಥವನ್ನು ಸುಡುತ್ತಿದ್ದ ಕಾಲದಲ್ಲಿ, ಮದರಾಸು ಪ್ರಾಂತದ ಅರಣ್ಯಾಧಿಕಾರಿ ಕರ್ನಲ್ ಬೆಡ್ಡೋಮನ ಕೋರಿಕೆಯಂತೆ ಜಮೈಕಾ ದ್ವೀಪದಿಂದ ಅದರ ಬೀಜಗಳು ಬಂದು ಕಡಪ ಸೀಮೆಯಲ್ಲಿ ನೆಡಲ್ಪಟ್ಟವು. ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಬರಡು ನೆಲಕ್ಕೆ ಹಸಿರು, ಬಡವನ ಒಲೆಗೆ ಸೌದೆ ಬೇಕಾಗಿತ್ತು. ಇಂದಿಗೂ ಅದರ ಕಟ್ಟಿಗೆಯಿಂದ ಇದ್ದಿಲು ಸುಟ್ಟು ಬದುಕುವ ಕುಟುಂಬಗಳಿವೆಯೆಂಬುದನ್ನು ಮರೆತು ಮಾತನಾಡುವುದು ಅನ್ಯಾಯ. ಆದರೆ ಬೇಸಗೆಯಲ್ಲಿ ಬೇರಾವ ಮೇವೂ ಇಲ್ಲದಿರುವಾಗ ಹಳದಿಯಾಗಿ ಹಣ್ಣಾಗಿ ಉದುರುವ ಅದರ ಸಿಹಿಗಾಯಿಗಳನ್ನು ಕುರಿ ಮೇಕೆಗಳು ಆಸೆಯಿಂದ ತಿನ್ನುತ್ತವೆ. ಗಟ್ಟಿಯಾದ ಬೀಜ ಜೀರ್ಣವಾಗದೆ, ಹೊಟ್ಟೆಯ ಜೀರ್ಣರಸದಲ್ಲಿ ಮೆತ್ತಗಾಗಿ, ಹಿಕ್ಕೆಯೊಡನೆ ಬೀಳುತ್ತದೆ. ಗೊಬ್ಬರಕ್ಕೆಂದು ರಾತ್ರಿಯೆಲ್ಲ ಹೊಲದಲ್ಲಿ ಕುರಿಯನ್ನು ನಿಲ್ಲಿಸಿಕೊಳ್ಳುವ ನಮ್ಮ ರೈತನು ಗೊಬ್ಬರದೊಡನೆ ಜಾಲಿಯ ಬೀಜವನ್ನೂ ಪಡೆಯುತ್ತಾನೆ. ಕಡಿದಷ್ಟೂ ಬುಡದಿಂದ ಚಿಗುರುವ ಈ ಮರವು ಕೆರೆಯ ಅಂಗಳ, ಹಳ್ಳದ ದಂಡೆ, ಬೀಳುಬಿಟ್ಟ ಹೊಲ ಎಲ್ಲವನ್ನೂ ಆವರಿಸಿದೆ. ಇದನ್ನು ತಂದವರು ಉದ್ಯಾನಪ್ರಿಯರಲ್ಲ, ಸರ್ಕಾರದವರೇ. ಈ ಮಾತನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಉದ್ಯಾನದ ಬಾಗಿಲಿನಿಂದಲೇ ತಪ್ಪಿಸಿಕೊಂಡವು ಲಂಟಾನ ಮತ್ತು ನೀರಿನಲ್ಲಿ ತೇಲುವ ಜಲಕುಂಭಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಲುವಿಗಾಗಿ ತಂದ ಲಂಟಾನವು ಬಂಡೀಪುರದ ಕಾಡಿನವರೆಗೆ ಹಬ್ಬಿ ಆನೆಯ ಮೇವನ್ನು ಕಸಿದುಕೊಂಡಿದೆ. ನೇರಳೆ ಹೂವಿಗಾಗಿ ಬಂಗಾಳದ ಕೊಳಗಳಿಗೆ ತಂದ ಜಲಕುಂಭಿಯನ್ನು ನಿವಾರಿಸಲು 1936ರಲ್ಲಿ ಅಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಪಾರ್ಥೇನಿಯಂ ಕಳೆಯ ಕಥೆ ಎಲ್ಲರಿಗೂ ತಿಳಿದದ್ದೇ. ಆದರೂ ಒಂದು ಮಾತು: ಹತ್ತಿಯನ್ನು ಹಾಳುಮಾಡುವ ಹಿಟ್ಟುತಿಗಣೆಯು ಹೊಲದಲ್ಲಿ ಹತ್ತಿಯಿಲ್ಲದ ತಿಂಗಳುಗಳನ್ನು ಬದುವಿನ ಈ ಕಳೆಯ ಮೇಲೆ ಕಳೆಯುತ್ತದೆ. ಕಳೆಯೂ ಅಮೆರಿಕದ್ದು, ತಿಗಣೆಯೂ ಅಮೆರಿಕದ್ದು; ಬೇರೆ ಬೇರೆ ಕಾಲದಲ್ಲಿ ಬಂದ ಇವೆರಡೂ ನಮ್ಮ ಬದುವಿನ ಮೇಲೆ ಒಂದನ್ನೊಂದು ಕೂಡಿಕೊಂಡವು.

ತೀರ ಇತ್ತೀಚಿನ ಪೆಟ್ಟು ಮೆಣಸಿನಕಾಯಿಗೆ ಬಿದ್ದದ್ದು. ನಾರಾಯಣಪುರದ ಕಾಲುವೆಯ ನೀರುಂಡ ಸುರಪುರ, ಶಹಾಪುರಗಳ ಹೊಲಗಳಲ್ಲಿ ಸಾಲ ತಂದು ಮೆಣಸಿನಗಿಡ ಹಚ್ಚಿದವರು 2021ರ ಕೊನೆಯಲ್ಲಿ ಹೂವನ್ನು ಬಿಡಿಸಿ ಅಂಗೈಯ ಮೇಲೆ ತಟ್ಟಿ ನೋಡಿದಾಗ, ಎಳ್ಳಿನ ಕಾಳಿಗಿಂತಲೂ ಸಣ್ಣದಾದ, ಕಪ್ಪನೆಯ, ಚುರುಕಾಗಿ ಓಡಾಡುವ ನುಸಿಗಳು ಉದುರಿದವು. ಪ್ರೌಢ ನುಸಿಗಳು ಹೂವಿನೊಳಗೆ, ಹಳದಿಯ ಮರಿಗಳು ಎಲೆಯ ಅಡಿಯಲ್ಲಿ. ಎಲೆ ಮುರುಟಿ ಹೂವು ಉದುರಿ, ಕಾಯಿ ಕಚ್ಚಲಿಲ್ಲ. ಆಂಧ್ರ ತೆಲಂಗಾಣಗಳಿಗೂ ಅದೇ ಗತಿಯಾಯಿತು. ಆಗ್ನೇಯ ಏಷ್ಯಾದಿಂದ ಬಂದ ಈ ಥ್ರಿಪ್ಸ್ ಪಾರ್ವಿಸ್ಪಿನಸ್ ಎಂಬ ನುಸಿಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. ಆಮೇಲೆ ಅದು ಅಲಂಕಾರದ ಹೂಗಿಡಗಳ ಮೇಲೆ ಕಂಡಿತು. ಯುರೋಪು ಅಮೆರಿಕಗಳಲ್ಲಿಯೂ ಇದು ಅಲಂಕಾರ ಸಸ್ಯಗಳ ಮೇಲೆ ಕಾಣಿಸಿಕೊಂಡ ಕೀಟವೇ. ಬೆಂಗಳೂರಿನ ಗಿಡದಿಂದ ಕೃಷ್ಣಾ ತೀರದ ಹೊಲಕ್ಕೆ ತಲುಪಲು ಆರೇ ವರ್ಷಗಳು ಸಾಕಾದವು. ಹೂಗಿಡವನ್ನು ಕೊಂಡವರಿಗೆ ಕೆಲವು ಹೂಗಳ ನಷ್ಟವಾಗಿರಬಹುದು. ಆ ಹೂವಿನ ಹೆಸರನ್ನೂ ಕೇಳದ ರೈತನಿಗೆ ಆ ವರ್ಷದ ಅನ್ನವೇ ಹೋಯಿತು. ನಿರ್ಬಂಧವನ್ನು ನಾನು ಮನಸಾರೆ ಸಮರ್ಥಿಸುವುದು ಈ ಅಸಮತೆಯನ್ನು ಕಂಡು: ಇಷ್ಟಪಟ್ಟು ತರುವವನು ಒಬ್ಬ, ತೆರುವವನು ಇನ್ನೊಬ್ಬ.

ಹಾಗೆಂದು ಬಾಗಿಲನ್ನು ಸಂಪೂರ್ಣವಾಗಿ ಮುಚ್ಚಿದವರು ಯಾರೂ ಇಲ್ಲ. ಪಾರ್ಥೇನಿಯಮ್ಮಿನ ಎಲೆಯನ್ನು ತಿನ್ನುವ ಝೈಗೋಗ್ರಾಮಾ ಎಂಬ ದುಂಬಿಯನ್ನು ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೋವಿನಿಂದಲೇ ಬೆಂಗಳೂರಿಗೆ ತರಿಸಿ, ಮುಚ್ಚಿದ ಪ್ರಯೋಗಾಲಯದಲ್ಲಿ ನಮ್ಮ ಬೆಳೆಗಳನ್ನು ಅದರ ಮುಂದಿರಿಸಿ ಪರೀಕ್ಷಿಸಿ, ಮರುವರ್ಷ ಹೊರಗೆ ಬಿಟ್ಟರು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯಿ, ಹಿಪ್ಪುನೇರಳೆಗಳನ್ನು ನಾಶಮಾಡುತ್ತಿದ್ದ ಇನ್ನೊಂದು ಬಗೆಯ ಹಿಟ್ಟುತಿಗಣೆಯನ್ನು ಅಡಗಿಸಿದ್ದು 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಬೆಂಗಳೂರಿನ ಸಂಸ್ಥೆಗೆ ಬಂದ ಒಂದು ಪುಟ್ಟ ಪರಾವಲಂಬಿ ಕಣಜ. ಕ್ರಮವರಿತು, ಪರೀಕ್ಷೆಗೆ ಒಡ್ಡಿ ತಂದ ಪರದೇಶದ ಜೀವಿ ಉಪಕಾರವನ್ನೇ ಮಾಡಿತು.

ನನ್ನ ಆಕ್ಷೇಪಣೆ ಇರುವುದು ನಿಯಮದ ಉದ್ದೇಶದ ಮೇಲಲ್ಲ, ಅದು ಜನರನ್ನು ಮುಟ್ಟುವ ರೀತಿಯ ಮೇಲೆ. ಅನುಮತಿಯ ವಿಧಾನವೆಲ್ಲ ವರ್ತಕನಿಗೆ, ಸಂಶೋಧಕನಿಗೆ ಅನುಗುಣವಾಗಿ ರಚಿತವಾದದ್ದು. ಐದು ಬೀಜ ಬಯಸುವ ಶಾಲಾ ಉಪಾಧ್ಯಾಯನಿಗೋ ಗೃಹಿಣಿಗೋ ಅದರ ಭಾಷೆಯೇ ಅರ್ಥವಾಗದು. ಸನ್ಮಾರ್ಗವು ದುರ್ಗಮವಾದಾಗ ಜನ ಅಡ್ಡದಾರಿ ಹಿಡಿಯುತ್ತಾರೆ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಯಾವ ದೇಶದ್ದೆಂದು ತಿಳಿಯದ ಬೀಜದ ಪೊಟ್ಟಣ ಅಂಚೆಯಲ್ಲಿ ಬರುವ ಕಾಲವಿದು. 2020ರಲ್ಲಿ ಅಮೆರಿಕವೇ ಮೊದಲಾದ ದೇಶಗಳ ಜನರಿಗೆ, ತಾವು ಕೇಳದೆಯೇ, ಅಜ್ಞಾತ ಬೀಜಗಳ ಪೊಟ್ಟಣಗಳು ಬಂದಾಗ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ರಾಜ್ಯಗಳನ್ನು ಎಚ್ಚರಿಸಿತು. ಆ ಎಚ್ಚರಿಕೆ ಗುರುಮಠಕಲ್ಲಿನ ಅಂಚೆಯಣ್ಣನ ಬಾಯಿಗೆ, ಅವನ ಮಾತಿನಲ್ಲಿ, ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ದೇಶದೊಳಗಿನ ಸಂಚಾರದ ವಿಷಯದಲ್ಲಿಯಂತೂ ಎಚ್ಚರ ಇನ್ನೂ ಕಡಿಮೆ. ಗೋದಾವರಿಯ ತೀರದ ಕಡಿಯಂ ನರ್ಸರಿಗಳಿಂದ ಲಾರಿಗಟ್ಟಲೆ ಸಸಿಗಳು ನಾಡಿನ ಮೂಲೆಮೂಲೆಗೆ, ಬೇರಿಗೆ ಅಂಟಿದ ಮಣ್ಣಿನ ಸಮೇತ ಸಾಗುತ್ತವೆ. ಹಳದಿ, ಬಿಳಿ, ನೇರಳೆ ಬಣ್ಣಗಳ ಲಂಟಾನವನ್ನು ಇಂದಿಗೂ ಅಲಂಕಾರದ ಗಿಡವೆಂದು ಮಾರುತ್ತಾರೆ. ರಸ್ತೆಯ ಬದಿಗೆ ಬೇಗ ಹಸಿರಾಗುವುದೆಂದು ನಗರಗಳು ನೆಚ್ಚಿಕೊಂಡ ಕೋನೊಕಾರ್ಪಸ್ ಗಿಡವನ್ನು ನೆಡಕೂಡದೆಂದು ಗುಜರಾತ್ ಸರ್ಕಾರವು 2023ರಲ್ಲಿ ನಿಷೇಧಿಸಿತು. ಅಂತಹ ನಿರ್ಧಾರವನ್ನು ಲಕ್ಷಾಂತರ ಗಿಡಗಳು ಬೇರೂರುವ ಮೊದಲೇ ಕೈಗೊಳ್ಳುವುದು ಎಷ್ಟೋ ಅಗ್ಗ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಎರಡರಲ್ಲಿಯೂ ಕೀಟವನ್ನೂ ಕಳೆಯನ್ನೂ ಗುರುತಿಸಬಲ್ಲ ವಿದ್ವಾಂಸರಿದ್ದಾರೆ. ತರಕೂಡದ ಸಸ್ಯಗಳ, ನೆಡಕೂಡದ ಗಿಡಗಳ ಒಂದು ಪಟ್ಟಿಯನ್ನು ಚಿತ್ರಗಳೊಡನೆ ಈ ಸೀಮೆಯ ಕನ್ನಡದಲ್ಲಿ, ಗಡಿಯ ಊರುಗಳಿಗಾಗಿ ತೆಲುಗಿನಲ್ಲಿಯೂ, ಅಚ್ಚುಹಾಕಿಸಿ, ಮೃಗಶಿರಾ ಮಳೆಗೆ ಸಸಿಗಾಡಿಗಳು ಊರೊಳಗೆ ಬರುವುದಕ್ಕೆ ಮುಂಚೆ ಸಂತೆಯಲ್ಲಿ, ಅಂಚೆಕಚೇರಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಅಂಟಿಸಬೇಕು. ಸಸಿ ಮಾರುವವನು ಪ್ರತಿ ಗಿಡಕ್ಕೂ ಅದರ ಹೆಸರನ್ನೂ ತಂದ ಊರನ್ನೂ ಬರೆದ ಚೀಟಿಯನ್ನು ಕಟ್ಟಬೇಕು. ಅಪರಿಚಿತ ಹುಳುವನ್ನು ಕಂಡವರು ಅದನ್ನು ಸೀಸೆಯಲ್ಲಿ ಹಾಕಿ ಒಯ್ದುಕೊಟ್ಟರೆ ಅದೇ ವಾರದಲ್ಲಿ ಉತ್ತರ ಸಿಗುವ ಏರ್ಪಾಡಾಗಬೇಕು. ಇನ್ನು ಪರದೇಶದ ಸಸಿಯೇ ಬೇಕೆನ್ನುವವರಿಗಾಗಿ, ರೋಗರಹಿತವೆಂದು ಪರೀಕ್ಷಿತವಾದ ಕೆಲವು ಹೂವಿನ ತಳಿಗಳನ್ನು ತೋಟಗಾರಿಕೆ ಇಲಾಖೆಯೇ ತರಿಸಿ, ಬೆಳೆಸಿ, ಜಿಲ್ಲೆಯ ನರ್ಸರಿಗಳ ಮೂಲಕ ಮಿತವಾದ ಬೆಲೆಗೆ ಒದಗಿಸಲಿ. ಆಗ ದುಬೈನಿಂದ ಬರುವ ಬಂಧುವು ಕಡ್ಡಿಯನ್ನು ಬಟ್ಟೆಯೊಳಗೆ ಸುತ್ತಿಕೊಂಡು ಬರಬೇಕಾದ ಕಾರಣವೇ ಉಳಿಯುವುದಿಲ್ಲ.